ಅತ್ತೆ ಅಂದರೆ ಯಾರು

ಭದ್ರಾವತಿಗೆ ಬಂದ ಮೂರನೆಯ ದಿನ ಬೆಳಗ್ಗೆ, ನನಗೆ ಗುರುತೇ ಇಲ್ಲದ ಒಬ್ಬ ಮನುಷ್ಯ ನೇರವಾಗಿ ಅಡುಗೆಮನೆಗೆ ಬಂದು ಒಲೆಯ ಮೇಲಿದ್ದ ತಪ್ಪಲೆಯ ಮುಚ್ಚಳ ತೆಗೆದು ನೋಡಿದ. ಚಪ್ಪಲಿ ಹೊರಗೆ ಬಿಟ್ಟಿದ್ದ, ಅಷ್ಟು ಮರ್ಯಾದೆ ಇತ್ತು. ಒಳಗಿದ್ದದ್ದು ನಾನು ಜನ್ಮದಲ್ಲಿ ಮಾಡಿದ ಎರಡನೆಯ ಅನ್ನ. ಮೇಲೆ ಗಂಜಿ, ನಡುವೆ ಅಕ್ಕಿ, ತಳದಲ್ಲಿ ಇದ್ದಿಲು.

ನಾನು ಶಿವಮೊಗ್ಗದಲ್ಲಿ ಬೆಳೆದವನು. ಅಲ್ಲಿ ನಮ್ಮ ಬೀದಿಯಲ್ಲಿ ಯಾರಾದರೂ ಬಂದು ತಪ್ಪಲೆ ಇಣುಕಿದರೆ ಅವರಿಗೆ ಹಸಿವಾಗಿದೆ ಎಂದು ಅರ್ಥ. ಅದನ್ನೇ ಅರ್ಥ ಮಾಡಿಕೊಂಡು ಇನ್ನೊಂದು ತಟ್ಟೆ ತೊಳೆದು ನೆಲಕ್ಕಿಟ್ಟೆ.

"ಕೂತ್ಕೊಳ್ಳಿ. ಉಪ್ಪು ಸಾಲದಿದ್ರೆ ಹೇಳಿ, ಹೆಚ್ಚಾಗಿದ್ರೆ ಹೇಳ್ಬೇಡಿ" ಅಂದೆ.

ಆತ ಕೂರಲಿಲ್ಲ. ಕಿಸೆಯಿಂದ ಪುಸ್ತಕ ತೆಗೆದು, ಬರೆದುಕೊಳ್ಳುತ್ತಾ ಓದಿದ: "ಮನೆ ನಂಬರ್ ಹದಿನಾಲ್ಕು. ಇರೋರು ಒಬ್ಬರು. ತಟ್ಟೆ ಎರಡು."

ಹೀಗೆ ಭದ್ರಾವತಿಯಲ್ಲಿ ನನ್ನ ಮೇಲಿನ ಮೊದಲ ದೂರು, ಒಬ್ಬರನ್ನು ಊಟಕ್ಕೆ ಕರೆದದ್ದು.

ಆತ ಲೈನ್ ಮೇಸ್ತ್ರಿ. ಇಲ್ಲಿ ಲೈನು ಅಂದರೆ ಬೆನ್ನಿಗೆ ಬೆನ್ನು ಹಚ್ಚಿಕೊಂಡು ನಿಂತ ಸರ್ಕಾರಿ ಮನೆಗಳ ಸಾಲು. ಯುದ್ಧ ಬಂದ ಮೇಲೆ ಹುಟ್ಟಿದ ರೇಷನ್ ಕಚೇರಿಯ ಗುಮಾಸ್ತರು, ಉಗ್ರಾಣದ ಲಾರಿ ಓಡಿಸುವವರು, ಮೂಟೆ ಹೊರುವವರು ಎಲ್ಲರೂ ಈ ಸಾಲಿನಲ್ಲೇ. ಪ್ರತಿ ಮನೆಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಎರಡು ಅಂಕಿ. ಮೇಲಿನದು ಮನೆಯ ನಂಬರು, ಕೆಳಗಿನದು ಒಳಗಿರುವ ಜನ. ನನ್ನದು ಹದಿನಾಲ್ಕು, ಕೆಳಗೆ ಒಂದು. ರೇಷನ್ ಕಾರ್ಡಿನಲ್ಲಿ ಎಷ್ಟು ಹೆಸರೋ ಬಾಗಿಲ ಮೇಲೆ ಅಷ್ಟೇ ಅಂಕಿ, ತಪ್ಪಲೆಯಲ್ಲಿ ಅಷ್ಟೇ ಅನ್ನ. ನೆಂಟರು ಬಂದರೆ ಮೇಸ್ತ್ರಿಗೆ ಹೇಳಿ ಚೀಟಿ ಪಡೆಯಬೇಕು. ಚೀಟಿಗೆ ಮೂರು ದಿನ ಆಯಸ್ಸು. ಜಗಲಿಯ ಮೇಲೆ ನಾಲ್ಕು ಜನಕ್ಕಿಂತ ಹೆಚ್ಚು ಕೂತು ಮಾತಾಡಬಾರದು. ಐದನೆಯವನು ನಿಂತುಕೊಂಡು ಮಾತಾಡಬಹುದಾ ಎಂದು ಕೇಳಿದೆ. ಮೇಸ್ತ್ರಿ ಅದನ್ನೂ ಬರೆದುಕೊಂಡ.

ಶಿವಮೊಗ್ಗಕ್ಕೂ ಭದ್ರಾವತಿಗೂ ಹನ್ನೊಂದು ಮೈಲಿ. ಲಂಡನ್ನಿಗೆ ಹೋದವರು ಬರೆಯುವ ಹಾಗೆ ನಾನು ಬರೆಯುತ್ತಿದ್ದೇನೆ ಎಂದು ನೀವು ನಗಬಹುದು. ರೈಲು ಹತ್ತಿ ಕಡಲೆಕಾಯಿ ಸುಲಿಯಲು ಕೂತರೆ ಪೊಟ್ಟಣ ಮುಗಿಯುವಷ್ಟರಲ್ಲಿ ಊರು ಬರುತ್ತದೆ. ಆದರೆ ಅಲ್ಲಿ ತುಂಗೆ, ಇಲ್ಲಿ ಭದ್ರೆ. ಅಲ್ಲಿ ನಮ್ಮ ಮನೆಯ ಬಾಗಿಲಿಗೆ ಅಗುಳಿ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಹಾಕಿದ್ದನ್ನು ನೋಡಿಲ್ಲ. ಇಲ್ಲಿ ಬಾಗಿಲು ಗಟ್ಟಿಯಾಗಿದೆ, ಆದರೆ ಮುಚ್ಚಿಕೊಳ್ಳುವ ಹಕ್ಕು ನನಗಿಲ್ಲ.

ಮೊದಮೊದಲು ಎಲ್ಲ ತಮಾಷೆಯಾಗಿತ್ತು. ಬಂದ ಮರುದಿನವೇ, ಬೆಳಕು ಹರಿಯುವ ಹೊತ್ತಿಗೆ, ದೊಡ್ಡ ಮೃಗ ಊಳಿಟ್ಟಂತೆ ಶಬ್ದವಾಯಿತು. ಜಪಾನಿನವರು ಬಂದರು ಎಂದುಕೊಂಡು ನೀರಿನ ಕೊಡ ತಬ್ಬಿಕೊಂಡು ಮಂಚದ ಕೆಳಗೆ ತೂರಿದೆ. ಕೊಡ ಯಾಕೆ ಎಂದು ಕೇಳಬೇಡಿ. ಎದುರುಮನೆಯ ಪೊನ್ನಮ್ಮ ಕಿಟಕಿಯಿಂದ ನೋಡಿ, ನಗು ತಡೆದುಕೊಂಡು, "ಸಂಗು ಸಾಮಿ ಅದು, ಸಂಗು" ಅಂದಳು. ತಮಿಳಿನಲ್ಲಿ ಸಂಗು ಅಂದರೆ ಶಂಖ. ಊರಿನ ಕಬ್ಬಿಣದ ಕಾರ್ಖಾನೆಯ ಕೂಗನ್ನು ಇಲ್ಲಿಯ ತಮಿಳರು ಹಾಗೆನ್ನುತ್ತಾರೆ. ಅಷ್ಟು ದೊಡ್ಡ ಶಬ್ದಕ್ಕೆ ದೇವರ ಮನೆಯ ಹೆಸರಿಟ್ಟು ಅವರು ಅದನ್ನು ಪಳಗಿಸಿಕೊಂಡಿದ್ದರು. ಈಗ ನಾನೂ ಸಂಗು ಅಂತಲೇ ಅನ್ನುತ್ತೇನೆ. ಇಲ್ಲಿ ಕಲಿತ ಮೊದಲ ಮಾತು ಅದು.

ಪೊನ್ನಮ್ಮನ ಗಂಡ ಮುರುಗೇಶ ಉಗ್ರಾಣದ ಲಾರಿ ಓಡಿಸುತ್ತಾನೆ. ನನ್ನ ಅನ್ನದ ವಾಸನೆ ಅವರ ಮನೆವರೆಗೂ ಹೋಗುತ್ತಿತ್ತೋ ಏನೋ, ವಾರಕ್ಕೆ ಎರಡು ಸಲ ಪೊನ್ನಮ್ಮ ಲೋಟದಲ್ಲಿ ರಸಂ ತಂದು ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು. ಮೇಸ್ತ್ರಿ ತಟ್ಟೆ ಎಣಿಸುತ್ತಾನೆ, ಲೋಟ ಎಣಿಸುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು.

ಇನ್ನು ನನ್ನ ಕೆಲಸ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ರೇಷನ್ ಕಾರ್ಡಿನ ಅರ್ಜಿಗಳನ್ನು ನೋಡಿ, ಸಂಬಂಧ ಸರಿಯಾಗಿಲ್ಲದ ಹೆಸರಿನ ಮೇಲೆ ಕೆಂಪು ಗೀಟು ಎಳೆಯುವುದು. ಕುಟುಂಬ ಅಂದರೆ ಯಾರು ಎಂದು ಸರ್ಕಾರ ಭದ್ರಾವತಿಗೆಂದೇ ಒಂದು ಪಟ್ಟಿ ಕೊಟ್ಟಿತ್ತು. ಹೆಂಡತಿ, ಮಕ್ಕಳು, ತಂದೆ, ತಾಯಿ, ಮದುವೆಯಾಗಿದ್ದರೆ ಅತ್ತೆ ಮಾವ. ಅಲ್ಲಿಗೆ ಮುಗಿಯಿತು. ಉಳಿದವರೆಲ್ಲ ನೆಂಟರು. ನಾನು ಗೀಟು ಎಳೆಯುವಾಗ ಒಂದೊಂದು ಚಟಾಕಿ ಹಾರಿಸುತ್ತಿದ್ದೆ, ಕಚೇರಿಯೆಲ್ಲ ನಗುತ್ತಿತ್ತು. ಹೆಡ್ ಗುಮಾಸ್ತ ರಾಮಣ್ಣನವರು, "ನೀನು ಬಂದ್ಮೇಲೆ ಹೊತ್ತು ಹೋಗೋದೇ ಗೊತ್ತಾಗಲ್ಲ ಮಾರಾಯ" ಅನ್ನುತ್ತಿದ್ದರು.

ಎರಡು ತಿಂಗಳಾದ ಮೇಲೆ ನನ್ನ ಅತ್ತೆಯನ್ನು ಕರೆತಂದೆ. ಅತ್ತೆ ಅಂದರೆ ಅಪ್ಪನ ತಂಗಿ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಹೋದಳು. ಅದೇ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆ ನನ್ನನ್ನು ಎತ್ತಿಕೊಂಡಳು. ಅಪ್ಪನೂ ಹೋದ ಮೇಲೆ ನಾವಿಬ್ಬರೂ ಚಿಕ್ಕಪ್ಪನ ಮನೆಯಲ್ಲಿದ್ದೆವು. ಚಿಕ್ಕಪ್ಪ ಕೆಟ್ಟವರಲ್ಲ. ಆದರೂ ಅತ್ತೆ ಹಿತ್ತಲ ಕಡೆಯ ಕತ್ತಲೆ ಕೋಣೆಯಲ್ಲೇ ಕೂರುತ್ತಿದ್ದಳು, ಪಡಸಾಲೆಯ ಕಂಬಕ್ಕೆ ಒರಗಿ ಕೂತದ್ದನ್ನು ನಾನು ನೋಡಿಲ್ಲ. ನಾನು ಹುಡುಗನಾಗಿದ್ದಾಗಲೇ ಹೇಳಿದ್ದೆ, ನನಗೆ ಅಂತ ಒಂದು ಮನೆ ಆದ ದಿನ ನೀನು ಅಲ್ಲಿ ಎಲ್ಲಿ ಬೇಕಾದರೂ ಕೂರಬಹುದು ಎಂದು.

ಅವಳು ಬಂದು ಹದಿನಾಲ್ಕನೆಯ ನಂಬರಿನ ಜಗಲಿಯ ಮೇಲೆ ನಟ್ಟನಡುವೆ ಕೂತಳು. ಕಾಲು ಚಾಚಿದಳು.

"ಮನೆ ಸಣ್ಣದು ಕಣೋ. ಆದ್ರೆ ಗಾಳಿ ಬರುತ್ತೆ" ಅಂದಳು.

ಅವಳ ಹೆಸರು ಸೇರಿಸಲು ಅರ್ಜಿ ನಾನೇ ಬರೆದೆ. ಅರ್ಜಿ ತೀರ್ಮಾನವಾಗುವವರೆಗೆ ಚೀಟಿಯ ಮೂರು ದಿನ ಲೆಕ್ಕಕ್ಕಿಲ್ಲ. ಊರವರ ಅರ್ಜಿಗಳನ್ನೆಲ್ಲ ಜಾಲಾಡುವ ಪಂಡಿತ ನಾನು. ಸಂಬಂಧ ಎಂಬಲ್ಲಿ, ಚೆಂದದ ಅಕ್ಷರದಲ್ಲಿ, "ಅತ್ತೆ" ಎಂದು ಬರೆದೆ.

ಆ ಅರ್ಜಿ ಮೇಲಿನ ಕಚೇರಿಗೆ ಹೋಗಿ ಇಂಗ್ಲಿಷಿಗೆ ತರ್ಜುಮೆಯಾಯಿತು. ಇಂಗ್ಲಿಷಿನಲ್ಲಿ ನಮ್ಮ ಅತ್ತೆಗೆ ಎರಡು ಬೇರೆ ಬೇರೆ ಹೆಸರು. ತರ್ಜುಮೆ ಮಾಡಿದವನು ಕೈಗೆ ಸಿಕ್ಕಿದ್ದನ್ನು ಬರೆದ: ಮದರ್ ಇನ್ ಲಾ. ಹದಿನೈದು ದಿನಕ್ಕೆ ನಮ್ಮ ಕಚೇರಿಯ ಸಾಹೇಬರು ಕರೆಸಿದರು.

"ನಿಮಗೆ ಮದುವೆ ಆಗಿದೆಯಾ?"

"ಇಲ್ಲ ಸ್ವಾಮಿ."

"ಹೆಂಡತಿ ಇಲ್ಲದೆ ಅತ್ತೆ ಹೇಗೆ ಬಂದ್ರು?"

"ರೈಲಲ್ಲಿ ಬಂದ್ರು ಸ್ವಾಮಿ."

ಬಾಯಿಂದ ಜಾರಿಹೋಯಿತು. ರಾಮಣ್ಣನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಸಾಹೇಬರು ನಗಲಿಲ್ಲ.

"ಹೆಂಡತೀನ ಬೇರೆ ಊರಲ್ಲಿಟ್ಟು ಅಲ್ಲೊಂದು ಕಾರ್ಡು, ಇಲ್ಲೊಂದು ಕಾರ್ಡು ಮಾಡ್ಕೊಂಡಿದೀರಿ ಅಂತ ಮೇಲಿನವರಿಗೆ ಅನುಮಾನ."

ಅತ್ತೆ ಅಂದರೆ ಇಲ್ಲಿ ತಂದೆಯ ತಂಗಿ ಎಂದು ವಿವರಿಸಿದೆ. ಸೋದರತ್ತೆ ಎಂದು ಬಿಡಿಸಿ ಹೇಳಿದೆ. ಸಾಹೇಬರಿಗೆ ಅರ್ಥವಾಯಿತು, ಅವರಿಗೂ ಒಬ್ಬರು ಅತ್ತೆ ಇರಲೇಬೇಕಲ್ಲ. ಅರ್ಥವಾದ ಮೇಲೆ ಪಟ್ಟಿ ತೆಗೆದರು. ಬೆರಳಿಟ್ಟು ಮೇಲಿಂದ ಕೆಳಗೆ ಹೋದರು.

"ತಂದೆಯ ತಂಗಿ ಇದರಲ್ಲಿಲ್ಲ. ಹೆಂಡತಿಯ ತಾಯಿ ಆಗಿದ್ರೆ ಇರಬಹುದಿತ್ತು. ವಾರದೊಳಗೆ ಮನೆ ಖಾಲಿ ಮಾಡಿಸಿ. ಅವರು ಹೋಗ್ಬೇಕು, ಇಲ್ಲ ನೀವು ಹೋಗ್ಬೇಕು."

ಹೊರಗೆ ಬಂದ ಮೇಲೆ ರಾಮಣ್ಣನವರು ಪಿಸುಗುಟ್ಟಿದರು. "ಇದಕ್ಕೆ ಎರಡೇ ದಾರಿ. ಒಂದು, ವಾರದೊಳಗೆ ಮದುವೆ ಆಗೋದು. ನಿನ್ನ ಅನ್ನ ಉಂಡ ಯಾರೂ ಹೆಣ್ಣು ಕೊಡಲ್ಲ, ಅದು ಬಿಡು. ಇನ್ನೊಂದು, ತಾಯಿ ಅಂತ ಬರೆದುಬಿಡು. ಸಾಕಿದವರೇ ತಾಯಿ ಅಲ್ವೇನೋ? ನಾನು ಕಣ್ಣು ಮುಚ್ಕೊಂಡು ರುಜು ಹಾಕಿಸ್ತೀನಿ."

ನನಗೆ ಅದು ಚೆನ್ನಾಗಿ ಕಂಡಿತು. ಮನೆಗೆ ಓಡಿದೆ. ಅತ್ತೆ ಜಗಲಿಯ ಮೇಲೆ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಎದುರಿಗೆ ಪೊನ್ನಮ್ಮ ತಾನೂ ಒಂದು ಮೊರ ಹಿಡಿದು ಕೂತಿದ್ದಳು. ವಿಷಯ ಹೇಳಿದೆ. ಸುಳ್ಳೇನೂ ಅಲ್ಲ, ಒಂದೇ ಒಂದು ಪದ, ಅಂದೆ.

ಅತ್ತೆ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಮ್ಮ ಪಾಪ, ನಾಲ್ಕು ವರ್ಷ ನಿನ್ನ ಎತ್ಕೊಂಡಿದ್ಲು. ಅವಳದು ಅಂತ ಉಳಿದಿರೋದು ಅದೊಂದು ಹೆಸರು. ಅದನ್ನೂ ಹೊಡೆದು ನನ್ನ ಹೆಸರು ಬರ್ಸ್ಕೊಳ್ಳೋಕೆ ನಾನೇನು ಸರ್ಕಾರವೇನೋ?"

"ಕಾಗದದಲ್ಲಿ ಮಾತ್ರ ಅತ್ತೆ."

"ನೀನೂ ಕಾಗದದಲ್ಲೇ ಕೆಲಸ ಮಾಡೋದಲ್ವಾ. ಅದರಲ್ಲಿ ಬರೆದದ್ದು ಎಷ್ಟು ದೂರ ಹೋಗುತ್ತೆ ಅಂತ ನಿಂಗೇ ಗೊತ್ತಿರ್ಬೇಕು."

ನಾನು ಪೊನ್ನಮ್ಮನ ಕಡೆ ತಿರುಗಿದೆ. ಅವಳಾದರೂ ನನ್ನ ಪರ ಮಾತಾಡಲಿ ಎಂದು, "ನಿಮ್ಮಲ್ಲಿ ಅಪ್ಪನ ತಂಗಿಗೆ ಏನಂತೀರ?" ಎಂದು ಕೇಳಿದೆ.

"ಅತ್ತೈ."

"ಗಂಡನ ತಾಯಿಗೆ?"

"ಅವರೂ ಅತ್ತೈ." ಮೊರ ಕೆಳಗಿಟ್ಟು ಹೇಳಿದಳು: "ಮಾಮಾನೂ ಅಂಗೇ ಸಾಮಿ. ಅಮ್ಮನ ತಮ್ಮನೂ ಮಾಮಾ, ಗಂಡನ ಅಪ್ಪನೂ ಮಾಮಾ. ನಮ್ಮ ಮಾಮಾಗೂ ಇಂಗೇ ಆಯ್ತು. ನೀವೇ ಗೀಟು ಹಾಕಿದ್ದು."

ನನಗೆ ನೆನಪಾಯಿತು. ಬಂದ ಮೊದಲ ತಿಂಗಳು. ಮುರುಗೇಶ ತಮಿಳು ಬಿಟ್ಟು ಬೇರೆ ಬರೆಯಲಾರದವನು. ಪೊನ್ನಮ್ಮ ಹೇಳಿದ್ದನ್ನು ಯಾರೋ ಬರೆದುಕೊಟ್ಟಿದ್ದರು, ಮುದುಕನ ಹೆಸರಿನ ಮುಂದೆ "ಮಾಮಾ" ಎಂದು. "ಚಂದಮಾಮನೂ ಮಾಮನೇ, ಅವನಿಗೂ ಅಕ್ಕಿ ಕೊಡೋಣವಾ?" ಎಂದು ಜೋರಾಗಿ ಓದಿ ಗೀಟು ಎಳೆದಿದ್ದೆ. ಕಚೇರಿಯೆಲ್ಲ ನಕ್ಕಿತ್ತು. ಅವರು ಎದುರುಮನೆಯವರು ಎಂದು ಆಗ ನನಗೆ ಗೊತ್ತಿರಲಿಲ್ಲ. ಆ ಮುದುಕ ಈ ಲೈನು ಬಿಟ್ಟು ಜನ್ನಾಪುರದಲ್ಲಿ ಮಗಳ ಮನೆಯ ಮೂಲೆ ಸೇರಿದ್ದ. ಅದೆಲ್ಲ ಗೊತ್ತಿದ್ದೂ ಪೊನ್ನಮ್ಮ ವಾರಕ್ಕೆ ಎರಡು ಸಲ ಕಿಟಕಿಯಲ್ಲಿ ರಸಂ ಇಟ್ಟಿದ್ದಳು.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಂದೆ.

"ನೀವು ತಮಾಷೆ ಮಾಡೋರು ಸಾಮಿ. ಮತ್ತೆ ಏನಾದ್ರೂ ಹೇಳಿ ನಗಿಸ್ತೀರ ಅಂತ."

ಅತ್ತೆ ನನ್ನ ಮುಖ ನೋಡಿದಳು. ಮೊರ ಕೊಡವಿ ಒಳಗೆ ಹೋದಳು.

ಮಾರನೆಯ ದಿನ ಕಚೇರಿಯಲ್ಲಿ ಹಳೆಯ ಅರ್ಜಿಗಳ ಕಟ್ಟು ಬಿಚ್ಚಿದೆ. ಮುದುಕ ಮುರುಗೇಶನ ತಂದೆ, ಪಟ್ಟಿಯಲ್ಲಿ ಮೂರನೆಯ ಸಾಲಿನಲ್ಲೇ ಇರುವವನು. "ಮಾಮಾ" ಎಂಬಲ್ಲಿ "ಅರ್ಜಿದಾರನ ತಂದೆ" ಎಂದು ತಿದ್ದಿ, ತಪ್ಪು ನನ್ನದು ಎಂದು ಕೆಳಗೆ ಬರೆದು ರುಜು ಹಾಕಿದೆ. ತಪ್ಪು ತನ್ನದು ಎಂದು ಬರೆದ ಗುಮಾಸ್ತನನ್ನು ಸಾಹೇಬರು ಅದುವರೆಗೆ ನೋಡಿರಲಿಲ್ಲವಂತೆ. ಇದೂ ನನ್ನ ತಮಾಷೆಯಿರಬಹುದು ಎಂದು ಕಾಗದ ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು, ಆಮೇಲೆ ಒಪ್ಪಿದರು. ಮೇಸ್ತ್ರಿ ಬಂದು ಎದುರುಮನೆಯ ಬಾಗಿಲ ಮೇಲೆ ಎರಡನ್ನು ಅಳಿಸಿ ಮೂರು ಎಂದು ಬರೆದ. ಮುದುಕ ಬಂದ. ನನ್ನನ್ನು ಕಂಡು ಕೈ ಮುಗಿದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಭದ್ರಾವತಿಯಲ್ಲಿ ನಾನು ಗೆದ್ದದ್ದು ಅಷ್ಟು.

ಅದೇ ವಾರ ಅತ್ತೆ ಹೊರಟಳು. ನನ್ನ ಬಾಗಿಲ ಮೇಲಿನ ಅಂಕಿಯನ್ನು ಬದಲಿಸಬೇಕಾಗಿರಲಿಲ್ಲ, ಅದು ಒಂದಾಗಿಯೇ ಇತ್ತು. ಸ್ಟೇಷನ್ನಿನಲ್ಲಿ ನಾನು ಏನಾದರೂ ಹೇಳಿ ನಗಿಸಬೇಕೆಂದು ಹುಡುಕಿದೆ, ಸಿಗಲಿಲ್ಲ. ಅವಳೇ ಹೇಳಿದಳು: "ಬಿಡೋ. ಅಷ್ಟು ದಿನ ಕಾಲು ಚಾಚಿ ಕೂತಿದ್ನಲ್ಲ."

ಈಗ ತಿಂಗಳಿಗೊಮ್ಮೆ ಚೀಟಿ ಮಾಡಿಸಿಕೊಂಡು ಬರುತ್ತಾಳೆ. ಮೇಸ್ತ್ರಿ ಪ್ರತಿ ಸಲವೂ ಸಂಬಂಧ ಕೇಳುತ್ತಾನೆ. "ನೆಂಟ್ರು ಅಂತ ಬರ್ಕೊಳ್ಳಪ್ಪ, ನಿಂಗೂ ಬೇಗ ಮುಗಿಯುತ್ತೆ" ಅನ್ನುತ್ತಾಳೆ. ಮೂರನೆಯ ದಿನ ನಾನು ಏಳುವ ಮೊದಲೇ ಅವಳ ಚೀಲ ಬಾಗಿಲ ಹತ್ತಿರ ಇರುತ್ತದೆ. ನಾನು ಕಚೇರಿಯಲ್ಲಿ ಈಗ ಯಾರ ಅರ್ಜಿಯನ್ನೂ ಜೋರಾಗಿ ಓದುವುದಿಲ್ಲ. ಮಾಮಾ ಅಂದರೆ ಯಾರ ಅಪ್ಪ, ಅತ್ತೆ ಅಂದರೆ ಯಾರ ತಂಗಿ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆಯುತ್ತೇನೆ. ಕೇಳಿ ಬರೆದರೂ ಗೀಟು ಎಳೆಯಬೇಕಾದ ಹೆಸರು ದಿನಕ್ಕೆ ಹತ್ತಾದರೂ ಇರುತ್ತವೆ, ಎಳೆಯುತ್ತೇನೆ. ರಾಮಣ್ಣನವರು, "ಹೊತ್ತೇ ಹೋಗಲ್ಲ ಕಣೋ ಈಗ" ಅನ್ನುತ್ತಾರೆ.

ಹೋದ ಭಾನುವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಚಿಕ್ಕಪ್ಪನ ಕಾರ್ಡಿನಿಂದ ನನ್ನ ಹೆಸರು ಹೊಡೆದು ಹಾಕಿ ಎಂಟು ತಿಂಗಳಾಯಿತು. ಆ ಮನೆಗೆ ನಾನೂ ಈಗ ನೆಂಟನೇ. ಚಿಕ್ಕಮ್ಮ ಸುಮ್ಮನೆ ಪ್ರೀತಿಯಿಂದ, "ಎಷ್ಟು ದಿನ ಇರ್ತೀಯೋ?" ಎಂದು ಕೇಳಿದರು.

"ಮೂರು ದಿನ ಮೀರಲ್ಲ" ಅಂದೆ. ಸಂಜೆಯ ರೈಲಿಗೇ ಹೊರಡುವವನಿದ್ದೆ.

ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ತಪ್ಪಲೆ ಇತ್ತು. ಎಷ್ಟು ಜನರಿಗೆ ಇಟ್ಟಿದ್ದಾರೆ, ನನಗೂ ಸೇರಿಸಿದ್ದಾರಾ, ಸೇರಿಸಿದ್ದರೆ ಯಾರ ಪಾಲಿನಿಂದ ತೆಗೆದರು ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ. ಹಿಂದಿನಿಂದ ಅತ್ತೆಯ ದನಿ ಕೇಳಿದಾಗಲೇ ನನ್ನ ಕೈಯಲ್ಲಿ ಏನಿದೆ ಎಂದು ಗೊತ್ತಾದದ್ದು.

"ಮುಚ್ಚಳ ಮುಚ್ಚೋ. ಇದು ನಿನ್ನ ಮನೆ."

ಮುಚ್ಚಿದೆ. ಆದರೆ ಅಷ್ಟರಲ್ಲಿ ನೋಡಿ ಆಗಿತ್ತು.