ಕಪ್ಪೆ ಕಾಯುತ್ತಿದ್ದ ಕಲಾಯಿ ಸಾಬರು

ಕಲಾಯಿ ಸಾಬರ ಅಂಗೈ ಯಾವಾಗ ನೋಡಿದರೂ ಒದ್ದೆ. ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಹಳೆಯ ಕಸುಬಿನ ಮಸಿ ಕಪ್ಪಗೆ ಕೂತುಬಿಟ್ಟಿತ್ತು. ಎಷ್ಟು ನೀರಾಡಿದರೂ ಅದು ಹೋಗಲಿಲ್ಲ. ಚಾಮರಾಜನಗರದ ನಮ್ಮ ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ಅವರು ಕಪ್ಪೆ ನೋಡಿಕೊಳ್ಳುವ ಕೆಲಸಕ್ಕಿದ್ದರು. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ. ವಿವರಿಸಿ ವಿವರಿಸಿ ನನಗೂ ಸಾಕಾಗಿದೆ, ಇದೊಂದು ಸಲ ಬರೆದಿಟ್ಟುಬಿಡುತ್ತೇನೆ.

ಅದು ಐವತ್ತರ ದಶಕ. ನಾನಲ್ಲಿ ನರ್ಸು. ಡಾಕ್ಟರಮ್ಮ ಒಬ್ಬರು, ನರ್ಸು ನಾನೊಬ್ಬಳು, ಹೆರುವವರಿಗೆ ಮಾತ್ರ ಲೆಕ್ಕವಿಲ್ಲ. ಬಸುರು ಹೌದೋ ಅಲ್ಲವೋ ಎಂದು ಬೇಗ ತಿಳಿಯಲು ಆಗ ಇದ್ದದ್ದು ಡಾಕ್ಟರಮ್ಮ ಮದರಾಸಿನಲ್ಲಿ ಓದುವಾಗ ಕಲಿತು ಬಂದಿದ್ದ ಒಂದು ಪರೀಕ್ಷೆ. ಹೆಂಗಸಿನ ಬೆಳಗಿನ ಮೂತ್ರವನ್ನು ಗಂಡು ನೆಲಗಪ್ಪೆಯ ಬೆನ್ನಿನ ಚರ್ಮದಡಿಗೆ ಸೂಜಿಯಿಂದ ಏರಿಸುವುದು. ಮೂರು ನಾಲ್ಕು ಗಂಟೆ ಬಿಟ್ಟು ಕಪ್ಪೆಯ ಮೂತ್ರದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದರಲ್ಲಿ ವೀರ್ಯಾಣು ಹರಿದಾಡುತ್ತಿದ್ದರೆ ಹೆಂಗಸು ಬಸುರಿ, ಇಲ್ಲದಿದ್ದರೆ ಇಲ್ಲ. ಹಳ್ಳಿಯವರು ಇದನ್ನು ‘ಕಪ್ಪೆ ಕೇಳೋದು’ ಎನ್ನುತ್ತಿದ್ದರು, ದೇವರ ಹತ್ತಿರ ಹೂ ಕೇಳಿದ ಹಾಗೆ. ಒಬ್ಬ ಅಜ್ಜಿ ಕಪ್ಪೆಗಳ ಮುಂದೆ ಊದುಕಡ್ಡಿಯನ್ನೇ ಹಚ್ಚಿಟ್ಟಿದ್ದಳು. ಹೊಗೆ ಇವಕ್ಕೆ ಆಗದು ಎಂದು ಸಾಬರು ಅದನ್ನು ಆರಿಸಿ, ಅಜ್ಜಿಯ ಕೈಗೇ ವಾಪಸು ಕೊಟ್ಟರು.

ಅವರು ಮೊದಲು ಬಂದದ್ದು ಆಸ್ಪತ್ರೆಯ ಪಾತ್ರೆಗಳಿಗೆ ಕಲಾಯಿ ಹಾಕಲು. ಆಗ ಕಪ್ಪೆಗಳು ಒಂದು ತಾಮ್ರದ ಕೊಪ್ಪರಿಗೆಯಲ್ಲಿದ್ದವು, ದಿನಕ್ಕೊಂದರಂತೆ ಸಾಯುತ್ತಿದ್ದವು. ಕೊಪ್ಪರಿಗೆಗೂ ಹೊಸ ಕಲಾಯಿ ಹಾಕಿ ಎಂದರು ಡಾಕ್ಟರಮ್ಮ. ಸಾಬರು ಒಳಗೆ ಬೆರಳಾಡಿಸಿ, ಕಪ್ಪೆಗಳನ್ನು ಸ್ವಲ್ಪ ಹೊತ್ತು ನೋಡಿ, ಹಾಕುವುದಿಲ್ಲ ಎಂದರು. “ಕಲಾಯಿ ಎದ್ದ ಪಾತ್ರೇಲಿ ಮೊಸರೇ ಕೆಡ್ತದೆ. ಇವು ತೊಗಲಲ್ಲಿ ನೀರು ಕುಡಿಯೋವು, ಕೆಡಲ್ವಾ? ಹೊಸಾದು ಹಾಕಿದ್ರೂ ನಾಕು ದಿನಕ್ಕೆ ಏಳ್ತದೆ. ಕಲ್ಲುಬಾನಿ ಇಡಿ ತಾಯಿ.” ಸಂಜೆ ಹೊತ್ತು ತಮ್ಮ ಕುಲುಮೆಯ ಪಕ್ಕದ ನೀರಿನ ಬಾಂಡ್ಲಿಗೆ ಕಪ್ಪೆಗಳು ಬರುವುದನ್ನು ಅವರು ವರ್ಷಗಟ್ಟಲೆ ನೋಡಿದ್ದರಂತೆ. ಬಾಯಿ ಹಾಕದೆ, ಸುಮ್ಮನೆ ಹೊಟ್ಟೆ ನೆನೆಸಿಕೊಂಡು ಹೋಗುತ್ತಿದ್ದವಂತೆ. ತನ್ನ ಕೈಗೆ ಬಂದ ಕೆಲಸವನ್ನು ತಾನೇ ಬೇಡವೆಂದ ಮನುಷ್ಯ ಡಾಕ್ಟರಮ್ಮನಿಗೆ ಹಿಡಿಸಿದರು. ಹಿತ್ತಲಿಗೆ ಅಗಲದ ಕಲ್ಲುಬಾನಿಯೂ ಬಂತು, ಅದರ ಜೊತೆಗೆ ಸಾಬರೂ ಬಂದರು.

ಕಪ್ಪೆಯ ಕಾಯಿಲೆ ಗುರುತಿಸುವುದನ್ನು ನನಗೆ ಹೇಳಿಕೊಟ್ಟವರು ಅವರೇ. ಬೇಕು ಅಂತ ನಾನೇನೂ ಕೇಳಿರಲಿಲ್ಲ. ಹಗಲು ರಾತ್ರಿ ಹೆರಿಗೆ ಮಾಡಿಸಿ ನನಗೆ ನಿಂತುಕೊಂಡೇ ನಿದ್ದೆ ಬರುತ್ತಿತ್ತು. ಆದರೂ ಅವರು ಹೇಳುವರು, ನಾನು ಹೂಂಗುಟ್ಟುವೆ. ಗಂಡು ಕಪ್ಪೆಯ ಕಂಕುಳಿಗೆ ಬೆರಳು ಕೊಟ್ಟು ಎತ್ತಿದರೆ ಅದು ಕಿಚಿಕಿಚಿ ಎನ್ನಬೇಕು. ಅನ್ನದಿದ್ದರೆ ಮೈ ಸರಿಯಿಲ್ಲ. ಅಂಗಾತ ಮಲಗಿಸಿದರೆ ತಟ್ಟನೆ ಮಗುಚಿಕೊಳ್ಳಬೇಕು. ತೊಡೆಯ ಒಳಭಾಗ ಕೆಂಪಾದರೆ ಕೆಟ್ಟದ್ದು. ಗೆದ್ದಲು ಹಾಕಿದರೂ ನಾಲಿಗೆ ಚಾಚದಿದ್ದರೆ ಕೆಟ್ಟದ್ದು. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದು ಕೂತ ಜಾಗ. “ಒಳ್ಳೇ ಕಪ್ಪೆ ಹಗಲೊತ್ತು ಕಲ್ಲು ಸಂದೀಲಿರ್ತದೆ ನರ್ಸಮ್ಮ. ನಡುಮಧ್ಯಾಹ್ನ ಬಯಲಿಗೆ ಬಂದು ಕೂತದೆ ಅಂದ್ರೆ, ಮೈ ಸರಿಯಿಲ್ಲ ಅಂತ ಅದು ಬಾಯ್ಬುಟ್ಟು ಏಳ್ತಾ ಅದೆ ಅಂತ್ಲೇ ತಿಳ್ಕಳಿ.”

ಮದ್ದು ಎಂದು ಅವರಲ್ಲಿ ಹೆಚ್ಚೇನೂ ಇರಲಿಲ್ಲ. ಕಾಯಿಲೆ ಬಿದ್ದದ್ದನ್ನು ತಕ್ಷಣ ಬೇರೆ ಮಾಡಿ, ಒದ್ದೆ ಮರಳಿನ ಮಡಕೆಯಲ್ಲಿಟ್ಟು ಮನೆಗೆ ಒಯ್ಯುವರು. ಹಿಂದಿನ ದಿನ ಸೇದಿಟ್ಟ ಬಾವಿನೀರು, ನೀರಿಗೆ ಚಿಟಿಕೆ ಉಪ್ಪು, ಕತ್ತಲು, ಮತ್ತೆ ಮತ್ತೆ ಮುಟ್ಟದೆ ಇರುವುದು. ಅರಿಸಿನ, ಎಣ್ಣೆ, ಸೋಪು ಯಾವುದನ್ನೂ ತಾಗಿಸುವ ಹಾಗಿಲ್ಲ. ನಾನು ಬಾನಿಯ ಹತ್ತಿರ ಹೋದರೆ ಸಾಕು, “ಕೈ ನೆನೆಸ್ಕಂಡು ಬನ್ನಿ” ಎನ್ನುವರು; ಒಣಗೈ ತಾಗಿದರೆ ಅವುಗಳ ತೊಗಲು ನೋಯುತ್ತದಂತೆ. ಕಪ್ಪೆಗಳ ಜೊತೆ ಉರ್ದುವಿನಲ್ಲಿ, ನಮ್ಮ ಜೊತೆ ಕನ್ನಡದಲ್ಲಿ ಮಾತು. ಜೋರು ದನಿಯನ್ನು ನಾನು ಎರಡರಲ್ಲೂ ಕೇಳಲಿಲ್ಲ.

ಒಂದು ಶುಕ್ರವಾರ ಡಾಕ್ಟರಮ್ಮ ಗುಂಡ್ಲುಪೇಟೆಗೆ ಹೋಗಿದ್ದರು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಮೂರು ದಿನ ರೋಗಿಗಳನ್ನು ನೋಡಿ ಬರುತ್ತಿದ್ದರು. ಸಾಬರು ಮಧ್ಯಾಹ್ನದ ನಮಾಜಿಗೆ ಹೋಗಿದ್ದರು; ಶುಕ್ರವಾರ ಹೋದರೆ ಮಾರನೆಯ ಮಧ್ಯಾಹ್ನವೇ ಅವರು ಬರುತ್ತಿದ್ದುದು. ಎರಡು ಹೆರಿಗೆ ಮುಗಿಸಿ ಸುಸ್ತಾಗಿ ಕೂತಿದ್ದ ನನಗೆ ಬಾನಿಯ ಕಡೆಯಿಂದ ನಾತ ಬಂದಂತಾಯಿತು. ನರ್ಸಿನ ಬುದ್ಧಿ, ನಾತ ಎಂದರೆ ಫಿನಾಯಿಲು. ಕಪ್ಪೆಗಳನ್ನು ಬಕೀಟಿಗೆ ಹಾಕಿ, ಬಾನಿಯನ್ನು ಫಿನಾಯಿಲಿನಲ್ಲಿ ಗಸಗಸ ಉಜ್ಜಿ, ಎರಡು ಬಕೀಟು ನೀರು ಹೊಯ್ದು ತೊಳೆದು, ಮತ್ತೆ ಅವನ್ನು ಅದರಲ್ಲೇ ಬಿಟ್ಟೆ. ಹೆರಿಗೆ ಕೋಣೆಯನ್ನು ತೊಳೆಯುವಷ್ಟೇ ಶ್ರದ್ಧೆಯಿಂದ ತೊಳೆದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ.

ಮಾರನೆಯ ಬೆಳಗ್ಗೆ ಉಡಿಗಾಲದಿಂದ ಒಬ್ಬ ಯಜಮಾನಿತಿ ಸೊಸೆಯನ್ನು ಕರೆದುಕೊಂಡು ಬಂದರು. ಹಣೆಯ ತುಂಬ ವಿಭೂತಿ, ಹೊಲ ಮನೆ ಎರಡನ್ನೂ ಆಳುವ ದನಿ. ಸೊಸೆಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಈಗ ಎರಡು ತಿಂಗಳಿಂದ ಮುಟ್ಟು ನಿಂತಿದೆ. ಬಸುರಾದರೆ ಸರಿ, ಅಲ್ಲದಿದ್ದರೆ ಕೆಟ್ಟ ರಕ್ತ ಕಟ್ಟಿಕೊಂಡಿದೆ ಎಂದು ಪಂಡಿತರು ಹೇಳಿದ್ದರಂತೆ. ರಕ್ತ ಇಳಿಸುವ ಕಷಾಯದ ಪುಡಿಯನ್ನೂ ಕೊಟ್ಟಿದ್ದರು, ಮೂರು ದಿನ ಕುಡಿಯಲು. ಕಪ್ಪೆ ಏನು ಹೇಳುತ್ತದೋ ನೋಡಿಕೊಂಡು ಕುಡಿಸೋಣ ಎಂದು ಬಂದಿದ್ದರು. ಸೆರಗಿನೊಳಗೆ ಸೊಸೆಯ ಕೈ ಹೊಟ್ಟೆಯ ಮೇಲಿತ್ತು, ಅದನ್ನು ನಾನು ನೋಡಿದೆ.

ಸೂಜಿ ಹಾಕಿದೆ. ಮಧ್ಯಾಹ್ನ ನೋಡಿದರೆ ಗಾಜಿನ ಮೇಲೆ ಏನೂ ಇಲ್ಲ. ಇಲ್ಲ ಎಂದು ಹೇಳಿ ಕಳಿಸಿದೆ. ಹೊರಗೆ ಬಂದರೆ ಸಾಬರು ಬಾನಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಎಂಟು ಕಪ್ಪೆಗಳಲ್ಲಿ ಐದು ನಡುಬಿಸಿಲಿಗೆ ಬಂದು ಕೂತಿದ್ದವು. ಒಂದನ್ನು ಎತ್ತಿ ತೋರಿಸಿದರು, ಅದು ಕಿಚಿಕ್ ಎನ್ನಲಿಲ್ಲ. “ಇದರ ಮಾತು ನಂಬ್ಕಂಡು ಆ ಹೆಣ್ಮಗೂನ ಕಳಿಸ್ಬುಟ್ರಾ ನರ್ಸಮ್ಮ? ಇದಕ್ಕೇ ಮೈ ಸರಿಯಿಲ್ಲ.”

ನಾನು ಹೇಳಿದ್ದನ್ನು ಬರೆಯಲು ಈಗಲೂ ನಾಚಿಕೆ. ಪಾತ್ರೆಗೆ ಕಲಾಯಿ ಹಾಕುವವರು ನನಗೆ ಪರೀಕ್ಷೆ ಹೇಳಿಕೊಡಬೇಕಾಗಿಲ್ಲ ಎಂದೆ. ಅವರು ಕಪ್ಪೆಯನ್ನು ಮೆಲ್ಲಗೆ ಕೆಳಗಿಟ್ಟು, ಬಾನಿಯ ನೀರು ಚೆಲ್ಲತೊಡಗಿದರು.

ಭಾನುವಾರ ಬೆಳಗಾಗುವ ಹೊತ್ತಿಗೆ ಐದೂ ಸತ್ತಿದ್ದವು. ನನಗೆ ಆಗ ಫಿನಾಯಿಲು ನೆನಪಾಯಿತು. ಸಾಬರು ಆ ಹೊತ್ತಿಗಾಗಲೇ ಮನೆಯಿಂದ ಮಡಕೆ ಹೊತ್ತು ತಂದಿದ್ದರು. ಹಿಂದಿನ ತಿಂಗಳು ಕಾಯಿಲೆಯೆಂದು ಒಯ್ದಿದ್ದ ಎರಡು ಕಪ್ಪೆಗಳು ಅದರಲ್ಲಿ ಚೇತರಿಸಿಕೊಂಡು ದುಂಡಗಿದ್ದವು. ಜಟಕಾದವನಿಗೂ ಹೇಳಿಯಾಗಿತ್ತು. “ಉಡಿಗಾಲಕ್ಕೆ ಓಗನ ನಡೀರಿ,” ಎಂದರು, ಅಷ್ಟೇ.

ನಾವು ಹೋದಾಗ ಯಜಮಾನಿತಿ ಎರಡನೆಯ ಸಲದ ಕಷಾಯ ಆರಿಸುತ್ತಿದ್ದರು. ಮೊದಲ ಸಲದ್ದು ಹಿಂದಿನ ಸಂಜೆಯೇ ಸೊಸೆಯ ಹೊಟ್ಟೆ ಸೇರಿತ್ತು. ಸಾಬರು ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿದರು, “ಅವ್ವಾ, ಅದನ್ನ ಕೊಡಬ್ಯಾಡಿ. ನೆನ್ನೆ ಕಪ್ಪೆಗೆ ಕಾಯಿಲೆ ಇತ್ತು. ಇನ್ನೊಂದ್ಸಲ ಕೇಳ್ಬೇಕು.”

ಯಜಮಾನಿತಿ ಲೋಟ ಕೆಳಗಿಟ್ಟರು. “ಕಾಯಿಲೆ ಕಪ್ಪೆ ಮಾತು ಕೇಳ್ಕಂಡು ನನ್ ಸೊಸೆಗೆ ಕುಡಿಸ್ಬುಟ್ನಲ್ಲಪ್ಪ ಸಾಬ್ರೆ. ಅದನ್ನ ನೋಡ್ಕಳೋನು ಯಾರು?”

“ನಾನೇ ಕಣವ್ವ.”

ಅವರು ಬಾಯಿಗೆ ಬಂದಂತೆ ಬೈದರು. ಸಾಬರು ತಲೆ ತಗ್ಗಿಸಿ ನಿಂತರು. ನಾನು ಪಕ್ಕದಲ್ಲೇ ಇದ್ದೆ, ಒಂದು ಮಾತೂ ಆಡಲಿಲ್ಲ. ಬೈಗುಳ ಮುಗಿದ ಮೇಲೆ ಸೊಸೆ ತಾನೇ ಒಳಗೆ ಹೋಗಿ ಸೀಸೆ ತುಂಬಿಸಿ ತಂದು ನನ್ನ ಕೈಗೆ ಕೊಟ್ಟಳು.

ಆ ದಿನ ಮಧ್ಯಾಹ್ನ ಮಡಕೆಯ ಕಪ್ಪೆಯ ತೊಟ್ಟು ನೋಡಿದರೆ ಗಾಜಿನ ತುಂಬ ಓಡಾಟ. ಸಾಬರನ್ನು ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು, ಆಮೇಲೆ ತಾವೇ ಉಡಿಗಾಲಕ್ಕೆ ಸುದ್ದಿ ಮುಟ್ಟಿಸಲು ಹೋದರು. ಸೊಸೆಗೆ ನಾಲ್ಕು ದಿನ ರಕ್ತ ಕಾಣಿಸಿಕೊಂಡು ನಿಂತಿತು. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಕೊನೆಗೆ ಹೆಣ್ಣುಮಗು ಹುಟ್ಟಿತು, ನನ್ನ ಕೈಯಲ್ಲೇ ಹುಟ್ಟಿತು. ಯಜಮಾನಿತಿ ಒಂದು ಬುಟ್ಟಿ ಅಚ್ಚುಬೆಲ್ಲ ತಂದು, ಆ ಸಾಬ್ರಿಗೆ ಕೊಡಬೇಕು, ಅವತ್ತು ಬೈದುಬಿಟ್ಟೆ ಎಂದರು.

ಸಾಬರು ಅಷ್ಟರಲ್ಲಿ ಅಲ್ಲಿರಲಿಲ್ಲ. ಆ ಸೋಮವಾರ ಗುಂಡ್ಲುಪೇಟೆಯಿಂದ ಬಂದ ಡಾಕ್ಟರಮ್ಮ ಕಪ್ಪೆ ಸತ್ತದ್ದು, ಉಡಿಗಾಲದ್ದು ತಿಳಿದು, ಹೇಗಾಯಿತು ಎಂದು ಕೇಳಿದ್ದರು. ಕಪ್ಪೆ ನನ್ನ ಜವಾಬ್ದಾರಿ ತಾಯಿ ಎಂದಿದ್ದರು ಸಾಬರು. ಡಾಕ್ಟರಮ್ಮ ಕೆಟ್ಟವರಲ್ಲ, ಆದರೆ ಹೆದರಿದ್ದರು. ಇನ್ನು ಕಪ್ಪೆಯ ಸಹವಾಸವೇ ಬೇಡ, ಪರೀಕ್ಷೆಗೆ ಮೈಸೂರಿಗೇ ಕಳಿಸೋಣ ಎಂದುಬಿಟ್ಟರು. ಸಾಬರು ಉಳಿದ ಕಪ್ಪೆಗಳನ್ನು ಮಡಕೆಯಲ್ಲಿ ಕೆರೆಯ ಕಡೆ ಒಯ್ದರು, ಕಲ್ಲುಬಾನಿ ತೊಳೆದು ಬೋರಲು ಹಾಕಿದರು, ಹೊರಟುಹೋದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಬೆಲ್ಲವನ್ನು ವಾರ್ಡಿನವರಿಗೆ ಹಂಚಿದೆ. ನಾನೂ ಒಂದು ಚೂರು ತಿಂದೆ.

ಮೂರು ನಾಲ್ಕು ವರ್ಷದ ಮೇಲೆ ನನಗೆ ಗುಂಡ್ಲುಪೇಟೆಯಲ್ಲಿ ಕೆಲಸವಾಯಿತು. ಅಷ್ಟು ಹೊತ್ತಿಗೆ ಅಲ್ಯೂಮಿನಿಯಂ ಪಾತ್ರೆ ಬಂದು ಕಲಾಯಿ ಕೇಳುವವರು ಕಡಿಮೆಯಾಗಿದ್ದರು. ಸಾಬರು ಅದೇ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಬಾಣಂತಿಯೊಬ್ಬಳಿಂದ ತಿಳಿಯಿತು. ತಿಳಿದ ಮೇಲೂ ಎರಡು ತಿಂಗಳು ಹೋಗಲಿಲ್ಲ. ಡ್ಯೂಟಿ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ದಿನ ಉರಿಬಿಸಿಲು. ಬೀದಿಯ ಜನವೆಲ್ಲ ಒಳಗಿದ್ದರು. ಸಾಬರು ಮಾತ್ರ ಅಂಗಳದ ನಡುವೆ, ಬಯಲಲ್ಲಿ, ನೆರಳಿಲ್ಲದ ಕಡೆ ಮಣೆ ಹಾಕಿಕೊಂಡು ಕೂತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಾಡಿ ಹಿಡಿಯುವ ಅಗತ್ಯವಿರಲಿಲ್ಲ.

ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆವು. ಮಗಳು ನೀರು ತರಲು ಹೋದಾಗ, ಅವತ್ತು ಬಾನಿಗೆ ಫಿನಾಯಿಲು ಹಾಕಿದವಳು ನಾನು ಎಂದು ಹೇಳಿದೆ. ಅಳು ಬಂತು, ಅತ್ತುಬಿಟ್ಟೆ.

“ಗೊತ್ತು ಕಣಮ್ಮ,” ಎಂದರು. “ಬಾನಿ ಒಳಕ್ಕೆ ಕೈ ಇಟ್ಟಾಗ್ಲೇ ಗೊತ್ತಾಯ್ತು. ನಿಮ್ಗೂ ಮೈ ಸರಿ ಇರ್ನಿಲ್ಲ ಅವತ್ತು. ನಿದ್ದೆ ಇರ್ನಿಲ್ಲ, ಅನ್ನ ಇರ್ನಿಲ್ಲ. ನಾನು ಕಪ್ಪೇನೇ ನೋಡ್ಕಂಡು ಕೂತ್ಬುಟ್ಟೆ, ನಿಮ್ಮನ್ನ ನೋಡ್ನಿಲ್ಲ.”

ಆ ತಿಂಗಳು ಕಳೆಯುವುದರೊಳಗೆ ಅವರು ತೀರಿಕೊಂಡರು. ಡಾಕ್ಟರಮ್ಮನಿಗೆ ನಿಜ ತಿಳಿಸಿ ಕಾಗದ ಬರೆದೆ; ಬರೆದದ್ದು ಸಾಬರು ಹೋದ ಮೇಲೆ. ನೋಡಲು ಹೋದ ಆ ಮಧ್ಯಾಹ್ನ ಅವರಿಗೆ ನಾನು ಮಾಡಿದ್ದು ಒಂದೇ. ಎದ್ದು ಮೂಲೆಯ ಹಂಡೆಯಲ್ಲಿ ಎರಡೂ ಕೈ ಅದ್ದಿ, ಮೊಣಕೈವರೆಗೂ ನೆನೆಸಿಕೊಂಡು ಬಂದು ಅವರ ಕೈ ಹಿಡಿದೆ. ಆ ಅಂಗೈ ಒಣಗಿತ್ತು.