ದೇವರ ಮನೆ ಮೇಲಿನ ಸಾರವೆ

ಗೆಳೆಯರೇ, ಹೆತ್ತೂರಿನಲ್ಲಿ ನನ್ನ ಮಾವ ಕಟ್ಟಿಸುತ್ತಿರುವ ಮನೆಯ ಗೋಡೆಗೆ ಕಂಬ, ಹಲಗೆ ಸೇರಿಸಿ ಕಟ್ಟಿದ್ದ ಸಾರವೆ ಮೇಲೆ ಇಂದು ಬೆಳಿಗ್ಗೆ ಹತ್ತು ನಿಮಿಷ ನೇತಾಡಿಕೊಂಡಿದ್ದೆ.

ಪಾಯದ ದಿನದಿಂದಲೂ ಗಾರೆ ಹೊರುತ್ತಿರುವ ಪುಟ್ಟಮ್ಮ ಗಾರೆ ಬಾಣಲೆ ಹೊತ್ತು ಸಾರವೆ ಹತ್ತಲು ಹೊರಟಾಗ ಮಾವ ತಡೆದರು.

“ಒಳಗೆ ದೇವ್ರ ಮನೆ ಐತೆ. ಅದ್ರ ಮೇಲ್ಗಡೆ ಹೆಂಗಸ್ರು ನಿಲ್ಲಂಗಿಲ್ಲ ಕಣಮ್ಮ.”

“ಆ ದೇವ್ರ ಮನೆಗೆ ಇಟ್ಟಿಗೆ ಹೊತ್ತಿದ್ದು ಯಾರು ಗೌಡ್ರೇ?” ಎಂದರು ಪುಟ್ಟಮ್ಮ. ಮಾವ ಪಂಚೆಯ ಅಂಚು ಸರಿಮಾಡಿಕೊಂಡರು.

ಮೇಲಿದ್ದ ಮೇಸ್ತ್ರಿ, “ಗಾರೆ ಯಾರಾದ್ರೂ ತನ್ರಪ್ಪ” ಎಂದು ಕೂಗಿದ. ಮಾವ ನನ್ನತ್ತ ನೋಡಿದರು. ಕೆಲಸವಿಲ್ಲದೆ ನಿಂತಿದ್ದ ಗಂಡಸು ನಾನೊಬ್ಬನೇ.

ಬಾಣಲೆ ಹೊತ್ತು ಎರಡನೇ ಹಲಗೆಯವರೆಗೆ ಹೋದೆ. ಹಲಗೆ ಅಲುಗಿತು. ನಾನು ಕಂಬವನ್ನು ತಬ್ಬಿಕೊಂಡೆ, ಗಾರೆಯೆಲ್ಲ ಕೆಳಗಿದ್ದ ಮಾವನ ಬಿಳಿ ಪಂಚೆಯ ಮೇಲೆ ಬಿತ್ತು. ಆಮೇಲೆ ಹತ್ತಲೂ ಆಗಲಿಲ್ಲ, ಇಳಿಯಲೂ ಆಗಲಿಲ್ಲ.

“ಹೋಗಮ್ಮ, ಅವ್ರನ್ನ ಇಳಿಸ್ಕಂಡು ಬಾ” ಎಂದರು ಮಾವ.

“ಹೆಂಗಸ್ರು ನಿಲ್ಲಂಗಿಲ್ಲ ಅಂದ್ರಲ್ಲ?”

“ಈಗ ಪರ್ವಾಗಿಲ್ಲ, ಹೋಗು.”

ಪುಟ್ಟಮ್ಮ ಬಂದು ನನ್ನ ಕೈ ಹಿಡಿದರು. “ಕೆಳಗೆ ನೋಡ್ಬೇಡಿ, ನನ್ನ ಮುಖ ನೋಡಿ” ಎನ್ನುತ್ತ ಒಂದೊಂದೇ ಹೆಜ್ಜೆ ಇಳಿಸಿದರು. ನಂತರ ಸಂಜೆಯವರೆಗೂ ಅವರೇ ಗಾರೆ ಹೊತ್ತರು. ಯಾರೂ ತಡೆಯಲಿಲ್ಲ.

ಸಂಜೆ ಬಂದ ನೆಂಟರಿಗೆ ಮಾವ ಶಾಸ್ತ್ರ ಹೇಳುತ್ತಿದ್ದರು: “ದೇವ್ರ ಮನೆ ಮೇಲೆ ಅಳಿಯಂದಿರು ಹತ್ಬಾರ್ದಂತೆ ಕಣ್ರೀ.”

ಪುಟ್ಟಮ್ಮನ ಬಳಿ ಮಾವಂದಿರು ‘ತಪ್ಪಾಯಿತು’ ಎನ್ನಬಾರದು ಎಂಬುದೂ ಅದೇ ಶಾಸ್ತ್ರದಲ್ಲಿ ಇರಬೇಕು.