ಸುಡದೆ ಉಳಿದ ಐದು ಬಟ್ಟಲುಗಳು

ಬೀದಿಯವರಿಗೆಲ್ಲ ಅವಳು ಗಾಜಿನಮ್ಮ. ಹದಿನೇಳಕ್ಕೆ ಬಾಟಲಿ ಕಾರ್ಖಾನೆ ಸೇರಿದಳು. ಅದಕ್ಕೆ ಬೀಗ ಬಿದ್ದ ಮೇಲೆ ಹಳೆಯ ಗ್ಯಾರೇಜೊಂದರಲ್ಲಿ ಸ್ವಂತ ಕುಲುಮೆ ಹೂಡಿ ಮೂವತ್ತು ವರ್ಷ ಗಾಜು ಊದಿದಳು. ಗ್ಯಾರೇಜಿನ ಇನ್ನರ್ಧ ಅಕ್ಕನದು. ಅಕ್ಕನದು ಮಣ್ಣಿನ ಕೆಲಸ. ನಡುವೆ ಗೋಡೆಯಿರಲಿಲ್ಲ, ನೆಲದ ಮೇಲೊಂದು ಸುಣ್ಣದ ಗೆರೆ ಅಷ್ಟೆ.

"ನಿನ್ನ ಕೆಸರು ಗೆರೆ ದಾಟಿದೆ ನೋಡಕ್ಕ."

"ನಿನ್ನ ಬಾಯಿ ಯಾವಾಗ್ಲೋ ದಾಟಿದೆ, ಸುಮ್ನಿರೇ."

ಅಕ್ಕ ತನ್ನ ಬಟ್ಟಲುಗಳ ಮೇಲೆ ಹೆಸರು ಬರೆದವಳಲ್ಲ. ಮಣ್ಣು ಹಸಿಯಿರುವಾಗ ಹೊರಬದಿಯಲ್ಲಿ ಹೆಬ್ಬೆರಳನ್ನು ಒಮ್ಮೆ ಒತ್ತಿ ಬಿಡುತ್ತಿದ್ದಳು. ಹಿಡಿದವರ ಬೆರಳು ತಾನಾಗಿ ಅಲ್ಲಿ ಕೂರಬೇಕು, ನನ್ನ ಹೆಸರು ಕಟ್ಟಿಕೊಂಡು ಅವರಿಗೇನು ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕ ಏಳಲೇ ಇಲ್ಲ. ಹಲಗೆಯ ಮೇಲೆ ಐದು ಬಟ್ಟಲುಗಳು ಒಣಗುತ್ತಿದ್ದವು.

ತಂಗಿ ಅವನ್ನು ಸುಡಲಿಲ್ಲ. ಆವಿಗೆಯಲ್ಲಿ ಒಂದು ಸಿಡಿದರೂ ಅಕ್ಕ ಇನ್ನೊಮ್ಮೆ ಹೋದಂತೆ ಎಂಬ ಭಯ. ಅಕ್ಕನ ಕೈಯ ಗುರುತೆಂದು ಲೋಕದಲ್ಲಿ ತನಗೆ ಉಳಿದದ್ದು ಇಷ್ಟೇ. ಹಾಗಾಗಿ ಕುಲುಮೆಯಿಂದ ಎದ್ದಾಗಲೆಲ್ಲ ಗೆರೆ ದಾಟಿ ಬಂದು, ಕೈಗೆಟುಕಿದ ಒಂದೊಂದು ಬಟ್ಟಲಿನ ಗುಳಿಯಲ್ಲೂ ತನ್ನ ಹೆಬ್ಬೆರಳಿಟ್ಟು ನಿಲ್ಲುವಳು. ಮೊದಮೊದಲು ಅದು ಅಳತೆಗೆ ಸ್ವಲ್ಪ ಬಿಗಿ. ತಿಂಗಳು ಕಳೆದಂತೆ ಬೆರಳು ಹಾಯಾಗಿ ಕೂರತೊಡಗಿತು. ಅಕ್ಕ ಒಳಗಿನಿಂದ ಸರಿದು ಜಾಗ ಬಿಟ್ಟಂತೆ. ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ. ಅವಳು ತಿರುಗಿ ನೋಡುತ್ತಿರಲಿಲ್ಲ; ನೋಡಿದರೆ ಅಕ್ಕ ಇರಲಾರಳು.

ವರ್ಷ ತುಂಬಿದ ಮೇಲೆ ಅಕ್ಕನ ಗಂಡ, ಭಾವ, ಬಂದರು. ಗಡಿಯಾರ ರಿಪೇರಿಯವರು, ಮಾತು ಕಡಿಮೆ.

"ಒಂದಾದ್ರೂ ಸುಟ್ಟು ಕೊಡಮ್ಮ. ಮನೇಲಿ ಇಟ್ಕೋತೀನಿ."

"ಸಿಡಿದ್ರೆ ಏನ್ ಮಾಡ್ತೀರ ಭಾವ?"

ಅವರು ಜೇಬಿನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೊದಲ ಬಟ್ಟಲಿಗೆ ಬಾಗಿದರು. ಎರಡನೆಯದು. ಮೂರನೆಯದು. ನಾಲ್ಕನೆಯದರ ಹೊತ್ತಿಗೆ ಅವರ ಮುಖ ಇಳಿದಿತ್ತು.

"ಅವಳ ಹೆಬ್ಬೆರಳಲ್ಲಿ ಮಣ್ಣು ಕತ್ತರಿಸೋ ತಂತಿ ಕೊಯ್ದ ಗೆರೆ ಇತ್ತಲ್ಲಮ್ಮ. ಇಲ್ಲಿಲ್ಲ. ಇದು ಬೇರೆ ಯಾರದ್ದೋ ಬೆರಳು."

ಅವಳು ತನ್ನ ಕೈ ನೋಡಿಕೊಂಡಳು. ಕಾದ ಗಾಜನ್ನು ಅಂಗೈಯಲ್ಲಿ ತಿದ್ದುವಾಗ ಒದ್ದೆ ಮಾಡಿದ ಪೇಪರಿನ ಮಡಿಕೆ ಹಿಡಿಯಬೇಕು. ಆ ಕೈ ಹಗಲಿಡೀ ತೇವ. ಸುಡದ ಮಣ್ಣಿಗೆ ಅಷ್ಟು ತೇವ ಸಾಕು. ದಿನಕ್ಕೆ ಕೂದಲೆಳೆಯಷ್ಟು ಅಕ್ಕನನ್ನು ಅಳಿಸಿ ತನ್ನನ್ನು ಒತ್ತಿಕೊಂಡು ಬಂದಿದ್ದಳು, ಅದೂ ಪ್ರೀತಿಯಿಂದ.

"ನಾನೇ ಭಾವ," ಎಂದಳು.

ಐದನೆಯದು ಮೂಲೆಯಲ್ಲಿ, ಗುಳಿ ಗೋಡೆಗೆ ಒತ್ತಿಕೊಂಡಿತ್ತು. ಅವಳ ಬೆರಳು ಅಲ್ಲಿಗೆ ಎಟುಕಿರಲಿಲ್ಲ. ಭಾವ ನಿಧಾನಕ್ಕೆ ತಿರುಗಿಸಿದರು. ಬಹಳ ಹೊತ್ತು ನೋಡಿದರು. ಕನ್ನಡಿ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಇದಾಳೆ."

ಇನ್ನು ಇಟ್ಟುಕೊಂಡರೆ ತನ್ನ ಕೈ ಸುಮ್ಮನಿರದು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಮರುದಿನವೇ ಸುಟ್ಟಳು. ಆವಿಗೆ ಆರುವ ತನಕ ಇಬ್ಬರೂ ಅದರ ಎದುರು ಕುಳಿತರು, ಟಕ್ಕೆಂದು ಸದ್ದಾದಾಗಲೆಲ್ಲ ಒಬ್ಬರನ್ನೊಬ್ಬರು ನೋಡದೆ.

ಬಟ್ಟಲು ಇಡಿಯಾಗಿ ಬಂತು. ಗುಳಿಯೊಳಗಿನ ಗೆರೆಯೂ ಬಂತು. ಸುಟ್ಟ ಮಣ್ಣು ಕುಗ್ಗುತ್ತದೆ. ಗುಳಿಯೂ ಕುಗ್ಗಿತ್ತು, ಹನ್ನೆರಡರ ಹುಡುಗಿಯ ಬೆರಳಿನಷ್ಟು. ಒರೆಸಿಕೊಂಡ ತನ್ನ ಹೆಬ್ಬೆರಳನ್ನು ಇಟ್ಟು ನೋಡಿದಳು. ಹಿಡಿಸಲಿಲ್ಲ. ಬಟ್ಟಲನ್ನು ಭಾವನ ಕೈಗಿತ್ತಳು.

"ಉಳಿದ ನಾಲ್ಕು?"

"ಅವು ಅವಳವೂ ಅಲ್ಲ, ನನ್ನವೂ ಅಲ್ಲ. ಮಣ್ಣಿಗೇ ಬಿಡೋಣ."

ಬಕೆಟ್ಟಿನ ನೀರಿನಲ್ಲಿ ಒಂದೊಂದಾಗಿ ಇಳಿಸಿದಳು. ಒಣಮಣ್ಣು ಸುಯ್ ಎಂದು ಗುಳ್ಳೆಗಳನ್ನು ಬಿಡುತ್ತ ಅಂಚಿನಿಂದ ಕುಸಿಯತೊಡಗಿತು. ಭಾವ ಬಕೆಟ್ಟಿಗೆ ಕಿವಿಯೊಡ್ಡಿದರು.

"ಏನೋ ಹೇಳ್ತಿದೆ ಕಣಮ್ಮ."

"ಗಾಳಿ ಭಾವ. ಒಳಗಿದ್ದ ಗಾಳಿ," ಎಂದಳು ಅವಳು. ಆದರೆ ಅದು ನಿಲ್ಲುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.